ನಕ್ಷೆ ಮೇಷ್ಟ್ರು ಓದಿದ ಕರಾರು

ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ದೊಡ್ಡಬಳ್ಳಾಪುರದಲ್ಲಿ ಯಾರನ್ನು ಕೇಳಿದರೂ ನಿಮಗೆ ಬೇರೆಯದೇ ಹೇಳುತ್ತಾರೆ. "ಪಾಪ, ನಕ್ಷೆ ಮೇಷ್ಟ್ರು ಕೋದಂಡರಾಮಯ್ಯನವರಿಗೆ ಎರಡು ಕಣ್ಣೂ ಹೋಯ್ತು, ಮಗಳು ಕೈ ಹಿಡ್ಕೊಂಡು ನಡೆಸ್ತಾಳೆ" ಅನ್ನುತ್ತಾರೆ. ಹೋದದ್ದು ಕಣ್ಣಲ್ಲ. ಏನು ಹೋಯಿತೆಂದು ಹೇಳುತ್ತೇನೆ, ಕೇಳಿ. ಮಧ್ಯದಲ್ಲಿ ಅಯ್ಯೋ ಪಾಪ ಅನ್ನಬೇಡಿ, ಆ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ.

ಸೀರೆಯ ಅಂಚಿನಲ್ಲಿ ಹಂಸ ಸಾಲಾಗಿ ನಡೆಯಬೇಕಾದರೆ ಮೊದಲು ಅದು ಗ್ರಾಫ್ ಕಾಗದದ ಮೇಲೆ ಬರಬೇಕು. ಒಂದೊಂದು ಮನೆಗೂ ಬಣ್ಣ ತುಂಬಿ ನಕ್ಷೆ ಬರೆಯಬೇಕು. ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳ ಸೆಟ್ಟನ್ನು ಮಗ್ಗದ ತಲೆಯ ಮೇಲೆ ಏರಿಸಿದರೆ ಹಂಸ ರೇಷ್ಮೆಗೆ ಇಳಿಯುತ್ತದೆ. ಈ ನಕ್ಷೆ ಬರೆಯುವ ಕೆಲಸವನ್ನು ನಾನು ನಲವತ್ತು ವರ್ಷ ಮಾಡಿದೆ. ನಕ್ಷೆ ಮುಗಿದ ಕಡೆ, ಕೆಳಗಿನ ಬಲಮೂಲೆಯಲ್ಲಿ, ಮೂರು ಮನೆಗಳನ್ನು ಮೆಟ್ಟಿಲಿನ ಹಾಗೆ ತುಂಬುತ್ತಿದ್ದೆ. ಇಲ್ಲಿಗೆ ಮುಗಿಯಿತು, ಇನ್ನು ಮೊದಲಿಗೆ ಹೋಗು ಅಂತ ತೂತು ಹೊಡೆಯುವವನಿಗೆ ಅದು ಗುರುತು. ಬೇರೆಯವರು ಗೆರೆ ಎಳೆಯುತ್ತಿದ್ದರು, ಮೂರು ಮೆಟ್ಟಿಲು ನನ್ನದು. ನಿದ್ದೆಗಣ್ಣಿನಲ್ಲಿ ಬರೆದರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ನನಗೆ ಇನ್ನೊಂದು ಮರ್ಯಾದೆಯೂ ಇತ್ತು. ನೇಕಾರರ ಸೊಸೈಟಿಯಲ್ಲಿ ಕಾಗದಪತ್ರ ನೋಡಿಕೊಂಡಿದ್ದವನು ನಾನು, ಇಂಗ್ಲಿಷು ಬರುತ್ತಿತ್ತು. ನಮ್ಮ ಬೀದಿಗೆ ಬ್ಯಾಂಕಿನ ನೋಟೀಸು ಬರಲಿ, ಕೋರ್ಟಿನ ಸಮನ್ಸು ಬರಲಿ, ಜನ ನನ್ನ ಜಗಲಿಗೆ ಬರುತ್ತಿದ್ದರು. ನಾನು ಓದಿ ಅರ್ಥ ಹೇಳುತ್ತಿದ್ದೆ. ಒಂದು ದಿನವೂ ಒಂದು ಅಕ್ಷರ ಆಚೆ ಈಚೆ ಮಾಡಿದವನಲ್ಲ. "ಮೇಷ್ಟ್ರು ಓದಿದ್ರು ಅಂದ್ಮೇಲೆ ಆಯ್ತು" ಅನ್ನುತ್ತಿದ್ದರು. ಕೈ, ಕಣ್ಣು, ಈ ಮಾತು. ನನ್ನ ಆಸ್ತಿ ಅಂದರೆ ಇಷ್ಟೇ.

ಯೋಗಾನಂದ ನನ್ನ ಅಕ್ಕನ ಮಗ. ಅಪ್ಪ ಸತ್ತ ಹುಡುಗನನ್ನು ಮನೆಗೆ ಕರೆತಂದು, ಕೈಗೆ ಪೆನ್ಸಿಲು ಕೊಟ್ಟು, ನಕ್ಷೆ ಕಲಿಸಿ, ನನ್ನ ಒಬ್ಬಳೇ ಮಗಳು ಶಶಿರೇಖಾಳನ್ನು ಕೊಟ್ಟು ಮದುವೆ ಮಾಡಿ ಮನೆಯಲ್ಲೇ ಇಟ್ಟುಕೊಂಡೆ. ಅವನು ಏನು ಮಾಡಿದ? ತೊಂಬತ್ತೇಳರಲ್ಲಿ ನನ್ನದೇ ಮನೆಯ ಮುಂದಿನ ಕೋಣೆಗೆ ಒಂದು ಕಂಪ್ಯೂಟರ್ ತಂದಿಟ್ಟ. ಸೀರೆ ಡಿಸೈನಿನ ಸಾಫ್ಟ್‌ವೇರ್ ಅಂತೆ. ಮದ್ರಾಸಿನ ಯಾವುದೋ ಕಂಪನಿಯದು. ಅದರ ಜೊತೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದನ್ನು ಲಾಕ್ ಅನ್ನುತ್ತಿದ್ದ. ಕಂಪ್ಯೂಟರಿನ ಹಿಂದೆ ಆ ಲಾಕ್ ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆದುಕೊಳ್ಳುತ್ತಿತ್ತು. ಕಿತ್ತರೆ ಮುಗಿಯಿತು, ಪೆಟ್ಟಿಗೆ ಬರೀ ಪೆಟ್ಟಿಗೆ. ಬೆಳಿಗ್ಗೆ ಎದ್ದು ಅದಕ್ಕೆ ಕುಂಕುಮ ಇಟ್ಟೇ ಕೆಲಸ ಶುರು ಮಾಡುತ್ತಿದ್ದ.

ಆರು ತಿಂಗಳಲ್ಲಿ ನನ್ನ ಹತ್ತಿರ ಬರುವವರು ನಿಂತರು. ಅದನ್ನೂ ನುಂಗಿಕೊಂಡಿದ್ದೆ. ಆದರೆ ಒಂದು ದಿನ ಲಕ್ಷ್ಮಯ್ಯ ಬಂದು ಕೂತಿದ್ದ. ತೂಬಗೆರೆ ಕಡೆ ಹನ್ನೆರಡು ಪವರ್‌ಲೂಮ್ ಹಾಕಿಸಿದ್ದವನು, ಇಪ್ಪತ್ತು ವರ್ಷದಿಂದ ನನ್ನ ನಕ್ಷೆ ಬಿಟ್ಟು ಬೇರೆ ಮುಟ್ಟಿದವನಲ್ಲ. ಅವನ ಎದುರಿಗೆ ನನ್ನ ಅಳಿಯ ನಗುನಗುತ್ತಾ ಹೇಳಿದ:

"ಮಾವನ ಕೈಲಿ ಹದಿನೈದು ದಿನ ಲಕ್ಷ್ಮಯ್ಯಣ್ಣ. ನನ್ನ ಹತ್ರ ಒಂದು ಕಾಫಿ ಕುಡಿಯೋದ್ರಲ್ಲಿ ಆಗೋಗುತ್ತೆ. ಇನ್ಮೇಲೆ ಮಾವ ಆರಾಮಾಗಿ ಮೊಮ್ಮಕ್ಕಳ್ನ ಆಡಿಸ್ಕೊಂಡು ಇರ್ಲಿ ಬಿಡಿ."

ಮೊಮ್ಮಕ್ಕಳು ಇನ್ನೂ ಹುಟ್ಟಿರಲಿಲ್ಲ. ಲಕ್ಷ್ಮಯ್ಯ ನಕ್ಕ. ಕಲಿಸಿದ ಗುರುವಿಗೇ ತಿರುಮಂತ್ರ. ಅವನು ಕೆಟ್ಟದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರಲಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಬೇಕೆಂದೇ ಬೈದಿದ್ದರೆ ನಾನೂ ಎರಡು ಬೈದು ಸುಮ್ಮನಾಗುತ್ತಿದ್ದೆ.

ಮುಂದಿನ ಜನವರಿ, ಅವರೆಕಾಯಿ ಕಾಲ. ಯೋಗಾನಂದ ಬೆಂಗಳೂರಿನಿಂದ ಹಳೆಯದೊಂದು ಲ್ಯಾಪ್‌ಟಾಪ್ ತಂದ. ತೊಡೆಯ ಮೇಲೆ ಇಟ್ಟುಕೊಳ್ಳುವ ಕಂಪ್ಯೂಟರ್. ಅದನ್ನು ಚೀಲದಲ್ಲಿ ಹಾಕಿಕೊಂಡು ತೂಬಗೆರೆಗೆ ಹೋಗುವುದು, ಮಗ್ಗದ ಪಕ್ಕದಲ್ಲೇ ಕೂತು, ನೇಯುವವನು ಹೇಳಿದ ಹಾಗೆ ಹೂವು ಸಣ್ಣದು ದೊಡ್ಡದು ಮಾಡಿ ತೋರಿಸುವುದು, ಇದು ಅವನ ಆಸೆ. ಸಾಫ್ಟ್‌ವೇರನ್ನು ಅದಕ್ಕೆ ಹಾಕಿ ಲಾಕನ್ನು ಅದಕ್ಕೇ ಚುಚ್ಚಿಕೊಳ್ಳಬೇಕೆಂದಿದ್ದ. ಆದರೆ ಹೆದರುಪುಕ್ಕಲ. ಕಂಪನಿಯವರು ಕೊಟ್ಟಿದ್ದ ಒಂಬತ್ತು ಪುಟದ ಕರಾರು ಪತ್ರ ಹಿಡಿದು ಜಗಲಿಗೆ ಬಂದ. ಕಂಪ್ಯೂಟರಿನ ಇಂಗ್ಲಿಷು ಅವನಿಗೆ ಬರುತ್ತಿತ್ತು, ಲಾಯರುಗಳ ಇಂಗ್ಲಿಷು ಬರುತ್ತಿರಲಿಲ್ಲ.

"ಮಾವ, ಇದನ್ನೊಂಚೂರು ಓದಿ ಹೇಳಿ. ಒಂದ್ರಿಂದ ಇನ್ನೊಂದಕ್ಕೆ ಹಾಕ್ಕೊಬೋದಾ ಅಂತ. ಆ ಕಂಪನಿ ಕೆಂಪರಾಜ್‌ನ ಕೇಳಿದ್ರೆ ಇನ್ನೊಂದು ತಗೊಳ್ಳಿ ಅಂತಾನೆ. ನೀವು ಓದಿದ್ರೆ ನನಗೆ ಧೈರ್ಯ."

ನಾನು ಕನ್ನಡಕ ಏರಿಸಿ ಓದಿದೆ. ಏಳನೆಯ ಕಲಮಿನಲ್ಲಿ ಎಲ್ಲ ನಿಚ್ಚಳವಾಗಿತ್ತು. ಯಾವ ಯಂತ್ರದ ನಂಬರು ಕರಾರಿನಲ್ಲಿದೆಯೋ ಅದರಲ್ಲಿ ಮಾತ್ರ ಬಳಸಬೇಕು. ಬೇರೆ ಯಂತ್ರಕ್ಕೆ ಸಾಗಿಸಬೇಕಾದರೆ ಮೊದಲೇ ಕಾಗದ ಬರೆದು ಕೇಳಬೇಕು. ಕೇಳಿದರೆ ಕಂಪನಿ ಶುಲ್ಕವಿಲ್ಲದೆ ಬದಲಾಯಿಸಿ ಕೊಡುತ್ತದೆ. ಕೇಳದೆ ಸಾಗಿಸಿದರೆ ಲೈಸೆನ್ಸ್ ರದ್ದು, ಲಾಕ್ ವಾಪಸ್ಸು. ಅಂದರೆ ಒಂದು ಇನ್‌ಲ್ಯಾಂಡ್ ಲೆಟರಿನ ಕೆಲಸ. ನಾನೇ ಅಲ್ಲೇ ಕೂತು ಬರೆದುಕೊಡಬಹುದಿತ್ತು.

"ಏನಂತೆ ಮಾವ?"

"ಏನಿಲ್ಲ ಕಣಯ್ಯ," ಅಂದೆ. "ಕಾರ್ಡ್ ಸೆಟ್ ಕೊಂಡವನು ಅದನ್ನ ಈ ಮಗ್ಗದಿಂದ ಇಳಿಸಿ ಆ ಮಗ್ಗಕ್ಕೆ ಏರಿಸಿದ್ರೆ ಯಾವನಾದ್ರೂ ಕೇಳ್ತಾನಾ?"

"ಯಾರು ಕೇಳ್ತಾರೆ? ದುಡ್ಡು ಕೊಟ್ಟಿದ್ದಾನೆ, ಅವನಿಷ್ಟ."

"ಇದೂ ಅಷ್ಟೇ ಅಂತ ಬರ್ದವ್ರೆ. ಕೊಂಡವನು ನೀನು. ಎಲ್ಲಿ ಬೇಕಾದ್ರೂ ಏರಿಸ್ಕೋ."

ಪಕ್ಕದಲ್ಲಿ ಶಶಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ಕೂತಿದ್ದಳು. ತಲೆಯೆತ್ತಿ, "ಒಂಬತ್ತು ಪುಟ ಬರ್ದವ್ರೆ, ಇಷ್ಟೇನಾ ಅಪ್ಪ?" ಅಂದಳು.

"ಲಾಯರುಗಳಿಗೆ ಬೇರೆ ಕೆಲಸ ಏನಮ್ಮ," ಅಂದೆ. ಅವಳು ನಕ್ಕು ಕಾಯಿ ಬಿಡಿಸತೊಡಗಿದಳು. ಯೋಗಾನಂದ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಓಡಿದ. ನಲವತ್ತು ವರ್ಷದಲ್ಲಿ ಮೊದಲ ಸಲ ನಾನು ಕಾಗದವನ್ನು ಸುಳ್ಳು ಓದಿದ್ದೆ. ಕಷ್ಟವೇನೂ ಆಗಲಿಲ್ಲ.

ಹದಿನೈದು ದಿನ ಬಿಟ್ಟೆ. ಅವನು ಲ್ಯಾಪ್‌ಟಾಪ್ ಹೊತ್ತುಕೊಂಡು ತೂಬಗೆರೆಗೆ ನಾಲ್ಕು ಸಲ ಹೋಗಿಬಂದ. ಆಮೇಲೆ ನಾನು ಮದ್ರಾಸಿನ ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ, ಇಂಥವನು ನಿಮ್ಮ ಸಾಫ್ಟ್‌ವೇರನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಿ ಊರೂರು ತಿರುಗುತ್ತಿದ್ದಾನೆ ಅಂತ. ಹೆಸರು ಹಾಕಲಿಲ್ಲ. ನನ್ನ ಬರವಣಿಗೆ ಗೊತ್ತಾಗಬಾರದೆಂದು ಅಚ್ಚಿನ ಅಕ್ಷರದಲ್ಲಿ ಬರೆದೆ. ನಮ್ಮೂರ ಅಂಚೆಯ ಮುದ್ರೆ ಬೀಳಬಾರದೆಂದು ಬಸ್ಸು ಹತ್ತಿ ದೊಡ್ಡಬೆಳವಂಗಲಕ್ಕೆ ಹೋಗಿ ಡಬ್ಬಿಗೆ ಹಾಕಿದೆ. ಬರುವಾಗ ಶಶಿಗೆ ಒಂದು ಮೊಳ ಕಾಕಡ ಹೂವು ತಂದೆ. ಹೌದು, ತಂದೆ. ನಾನೇನು ರಾಕ್ಷಸನಲ್ಲ. ಲಾಕ್ ಹೋದರೆ ಯೋಗಾನಂದ ಮತ್ತೆ ನನ್ನ ಪಕ್ಕದಲ್ಲಿ ಪೆನ್ಸಿಲು ಹಿಡಿದು ಕೂರುತ್ತಾನೆ, ಲಕ್ಷ್ಮಯ್ಯ ಮತ್ತೆ ನನ್ನ ಜಗಲಿಗೆ ಬರುತ್ತಾನೆ, ಎಲ್ಲ ಮೊದಲಿನಂತಾಗುತ್ತದೆ. ನಾನು ಬಯಸಿದ್ದು ಇಷ್ಟೇ.

ಕೆಂಪರಾಜ್ ಬಂದದ್ದು ಶಿವರಾತ್ರಿಗೆ ಮುಂಚೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಹೊಸಕೋಟೆಯ ಹುಡುಗ, ಕಂಪನಿಯ ಏಜೆಂಟು, ಬಿಸಿಲಿನಲ್ಲೂ ಟೈ. ಆ ಹೊತ್ತಿಗೆ ಲಕ್ಷ್ಮಯ್ಯನೂ ಹೊಸ ಅಂಚಿಗಾಗಿ ಬಂದು ಬೆಂಚಿನ ಮೇಲೆ ಕೂತಿದ್ದ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದೆ.

"ಯೋಗಾನಂದ್ ಅವ್ರೇ, ಲಾಕ್ ಎಲ್ಲಿ?"

ಯೋಗಾನಂದ ಹೆಮ್ಮೆಯಿಂದ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಹಿಂದೆ ಲಾಕ್ ಇತ್ತು, ಮೇಲೆ ಆ ದಿನದ ಕುಂಕುಮ ಇತ್ತು. "ನೋಡಿ ಸಾರ್, ಏನು ಫಾಸ್ಟಾಗಿ ಓಡುತ್ತೆ!" ಅಂದ.

"ಇದಕ್ಕೆ ಹಾಕ್ಕೊಳಕ್ಕೆ ಕಂಪನಿ ಪರ್ಮಿಷನ್ ತಗೊಂಡ್ರಾ?"

"ಪರ್ಮಿಷನ್ ಯಾಕೆ ಸಾರ್? ದುಡ್ಡು ಕೊಟ್ಟು ಕೊಂಡಿದ್ದೀನಲ್ಲ. ಕಾರ್ಡ್ ಸೆಟ್ ಕೊಂಡವನು ಯಾವ ಮಗ್ಗಕ್ಕೆ ಏರಿಸಿದ್ರೂ..."

"ನೀವು ಸಾಫ್ಟ್‌ವೇರ್ ಕೊಂಡಿಲ್ಲ. ಆ ಒಂದು ಮಿಷಿನ್ ಮೇಲೆ ಬಳಸೋ ಹಕ್ಕು ಕೊಂಡಿದ್ದೀರಿ, ಅಷ್ಟೇ. ಕಾರ್ಡ್ ಇಳಿಸಿದ್ರೆ ಮೊದಲ್ನೇ ಮಗ್ಗ ಖಾಲಿಯಾಗುತ್ತೆ. ಇದು ಅಲ್ಲೂ ಇದೆ, ಇಲ್ಲೂ ಇದೆ. ಎರಡು ಕಾಪಿ ಆಯ್ತು."

"ಲಾಕ್ ಒಂದೇ ಅಲ್ವಾ ಸಾರ್? ಎರಡು ಕಡೆ ಒಟ್ಟಿಗೆ ಹೆಂಗೆ ಓಡುತ್ತೆ?"

"ಓಡಲ್ಲ, ನಿಜ. ಅದಕ್ಕೇ ಒಂದು ಕಾಗದ ಹಾಕಿ ಅನ್ನೋದು. ಹಾಕಿದ್ರೆ ಪುಕ್ಕಟೆಯಾಗಿ ಬದಲಾಯಿಸ್ಕೊಡ್ತಿದ್ವಿ. ಏಳನೇ ಕಲಮು. ಓದ್ಲಿಲ್ವಾ?"

ಯೋಗಾನಂದನ ಮುಖ ಬಿಳಿಚಿಕೊಂಡಿತು. ನನ್ನ ಕಡೆ ತಿರುಗಿದ. ಕೋಪದಿಂದಲ್ಲ, ದಾರಿ ತಪ್ಪಿದವನು ಊರಿನವರನ್ನು ಕಂಡ ಹಾಗೆ. "ಮಾವ ಓದಿದ್ರು ಸಾರ್. ಪರವಾಗಿಲ್ಲ ಅಂದ್ರು."

ಕೆಂಪರಾಜ್ ನನ್ನನ್ನು ನೋಡಿದ. ಹುಡುಗ ಕೆಟ್ಟವನಲ್ಲ, ಹಾಳಾದವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಹಂಗಾದ್ರೆ ಒಂದು ದಾರಿ ಇದೆ ಯಜಮಾನ್ರೇ. ಇವ್ರು ಗೊತ್ತಿರ್ಲಿಲ್ಲ ಅಂದ್ರೆ ಮೇಲಿನವ್ರು ನಂಬಲ್ಲ. ಓದಿದವ್ರು ನೀವು, ತಪ್ಪಾಗಿ ಅರ್ಥ ಹೇಳ್ಬಿಟ್ಟೆ ಅಂತ ಎರಡು ಸಾಲು ಬರ್ದು ಸಹಿ ಹಾಕಿ. ನಾನು ಮಾತಾಡಿ ಲಾಕ್ ಉಳಿಸ್ತೀನಿ. ಇಲ್ಲಾಂದ್ರೆ ಇವತ್ತೇ ತಗೊಂಡ್ಹೋಗ್ಬೇಕು."

ಎರಡು ಸಾಲು. ಬೆಂಚಿನ ಮೇಲೆ ಲಕ್ಷ್ಮಯ್ಯ ಕೂತಿದ್ದ. ನಾನು ಸಹಿ ಹಾಕಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಮೇಷ್ಟ್ರು ಕಾಗದ ತಪ್ಪು ಓದಿದ್ರಂತೆ ಅಂತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅದಕ್ಕಿಂತ ಹೆಚ್ಚಾಗಿ, ಆ ಕುಂಕುಮದ ಡಬ್ಬಿ ಮನೆಯಿಂದ ಹೊರಗೆ ಹೋಗುವುದನ್ನು ನಾನು ನೋಡಲೇಬೇಕಿತ್ತು.

"ನಾನೆಲ್ಲಿ ಓದಿದೆ?" ಅಂದೆ. "ನನಗೆ ಕಣ್ಣೇ ಕಾಣಲ್ಲ. ಅವನು ಏನೋ ಕೇಳ್ದ, ನಾನು ಹೂಂ ಅಂದಿರ್ಬೋದು."

ಬೇರೆ ಏನು ಬೇಕಾದರೂ ಹೇಳಬಹುದಿತ್ತು. ನೆನಪಿಲ್ಲ ಅನ್ನಬಹುದಿತ್ತು, ಬೇರೆ ಕಾಗದ ತೋರಿಸಿದ್ದ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಇದು. ಕೆಂಪರಾಜ್ ನಿಟ್ಟುಸಿರು ಬಿಟ್ಟು ಫಾರಂ ತುಂಬಿದ, ಯೋಗಾನಂದನ ಕೈಲಿ ಸಹಿ ಹಾಕಿಸಿದ, ತಾನೂ ಹಾಕಿದ, ಲಾಕ್ ಕಿತ್ತು ಚೀಲಕ್ಕೆ ಹಾಕಿಕೊಂಡ. ಪರದೆಯ ಮೇಲಿದ್ದ ಹಂಸದ ಅಂಚು ಹಾರಿಹೋಗಿ ಏನೋ ಇಂಗ್ಲಿಷು ಅಕ್ಷರ ಬಂತು.

"ಯಾರು ಸಾರ್ ನಿಮಗೆ ಹೇಳಿದ್ದು?" ಯೋಗಾನಂದ ತಲೆ ಹಿಡಿದುಕೊಂಡು ಕೇಳಿದ.

"ಹೆಸರಿಲ್ಲ, ಮೂಗರ್ಜಿ," ಎಂದು ಕೆಂಪರಾಜ್ ಫೈಲಿನಿಂದ ನನ್ನ ಕಾಗದ ತೆಗೆದು ಮೇಜಿನ ಮೇಲೆ ಹಾಕಿದ. ಯೋಗಾನಂದ ನೋಡಲಿಲ್ಲ. ಅವನಿಗೆ ಆಗ ಏನೂ ಬೇಕಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಶಿ ಬಂದು ಎತ್ತಿಕೊಂಡಳು. ಅವಳಿಗೆ ಇಂಗ್ಲಿಷು ಬರುವುದಿಲ್ಲ, ನಾನು ಹೆದರಲಿಲ್ಲ. ಅವಳು ಮೇಲಿನಿಂದ ಕೆಳಗೆ ಸುಮ್ಮನೆ ಕಣ್ಣಾಡಿಸಿದಳು. ಬಲಮೂಲೆಯಲ್ಲಿ ಅವಳ ಕಣ್ಣು ನಿಂತಿತು.

ಆಗ ನನಗೆ ಹೊಳೆಯಿತು. ಬರೆದು ಮುಗಿಸಿದಾಗ ನನ್ನ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಪುಟದ ಕೆಳಗೆ, ಬಲಮೂಲೆಯಲ್ಲಿ, ನೀಲಿ ಶಾಯಿಯಲ್ಲಿ ಮೂರು ಪುಟ್ಟ ಚೌಕ, ಮೆಟ್ಟಿಲಿನ ಹಾಗೆ. ಅಕ್ಷರ ಮರೆಸಿದ್ದೆ, ಊರು ಮರೆಸಿದ್ದೆ, ಇದು ಮಾತ್ರ ಉಳಿದುಬಿಟ್ಟಿತ್ತು. ಚಿಕ್ಕವಳಿದ್ದಾಗ ಆ ಮೂರು ಮನೆಗೆ ಬಣ್ಣ ತುಂಬುವುದು ತನ್ನ ಕೆಲಸವೆಂದು ಹಟ ಮಾಡುತ್ತಿದ್ದವಳು ಶಶಿ.

ಅವಳು ಕಾಗದ ಮಡಚಿದಳು. ಕೆಂಪರಾಜ್‌ನನ್ನು ಕೇಳಿದಳು: "ಸಾರ್, ಓದಿದವ್ರು ಈಗ ಒಪ್ಕೊಂಡ್ರೆ?"

"ಸಹಿ ಆಗೋಯ್ತಲ್ಲಮ್ಮ. ಲಾಕ್ ನಂಬರ್ ಕ್ಯಾನ್ಸಲ್. ಐದು ನಿಮಿಷ ಮುಂಚೆ ಹೇಳಿದ್ರೆ ಬೇರೆ ಮಾತು."

ಅವನು ಕಾಗದವನ್ನು ವಾಪಸ್ಸು ತೆಗೆದುಕೊಂಡು ಹೊರಟ. ಲಕ್ಷ್ಮಯ್ಯ ಎದ್ದು ಪಂಚೆ ಕೊಡವಿಕೊಂಡು, ನನ್ನ ಹತ್ತಿರ ಬಂದು ನಾನು ಒಂದು ವರ್ಷದಿಂದ ಕಾಯುತ್ತಿದ್ದ ಮಾತು ಆಡಿದ: "ಆಗಿದ್ದು ಆಗೋಯ್ತು. ಮೇಷ್ಟ್ರೇ, ನನ್ನ ಅಂಚು ಮೊದಲಿನಂಗೆ ನೀವೇ ಬರ್ಕೊಟ್ಬಿಡಿ."

ನಾನು ಬಾಯಿ ತೆರೆಯುವುದರೊಳಗೆ ಶಶಿ ನನ್ನ ಭುಜದ ಮೇಲೆ ಕೈ ಇಟ್ಟಳು.

"ಎಲ್ಲಿ ಬರೀತಾರೆ ಲಕ್ಷ್ಮಯ್ಯಣ್ಣ? ಅಪ್ಪನಿಗೆ ಕಣ್ಣು ಕಾಣಲ್ಲ. ಈಗ ತಾನೇ ನಿಮ್ಮೆದುರಿಗೇ ಹೇಳಿದ್ರಲ್ಲ."

ಲಕ್ಷ್ಮಯ್ಯ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಕಾಣುತ್ತದೆ ಅಂದರೆ ಕರಾರು ಓದಿದವನೂ ನಾನೇ ಎಂದಾಯಿತು. "ಹೌದಪ್ಪ, ಕಾಣಲ್ಲ," ಅಂದೆ. ಅವನು ಲೊಚಗುಟ್ಟಿ, ನನ್ನ ಕೈ ಅದುಮಿ, ಬೆಂಗಳೂರಿನ ಕಂಪ್ಯೂಟರ್ ಸೆಂಟರನ್ನು ಹುಡುಕಿಕೊಂಡು ಹೋದ.

ಶಶಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಗಂಡನಿಗೂ ಹೇಳಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮೂಗಿನ ಮೇಲಿದ್ದ ಕನ್ನಡಕ ತೆಗೆದುಕೊಂಡಳು. "ಕಾಣದ ಕಣ್ಣಿಗೆ ಇದ್ಯಾಕಪ್ಪ?" ಅಂದಳು. ತಟ್ಟೆ ಇಟ್ಟು ನನ್ನ ಕೈ ಹಿಡಿದು ಮುಟ್ಟಿಸಿದಳು. "ಇಲ್ಲಿ ಮುದ್ದೆ. ಇಲ್ಲಿ ಸಾರು, ಬಿಸಿ ಇದೆ ಹುಷಾರು." ಎದುರಿಗೆ ಯೋಗಾನಂದ ಇದ್ದ. ನಾನು ತಡಕಾಡಿಕೊಂಡು ಉಂಡೆ.

ಆ ಹುಡುಗ ಏನಂದ ಗೊತ್ತೇ? ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ, "ಕಾಣ್ತಿಲ್ಲ ಅಂತ ಅವತ್ತೇ ಹೇಳ್ಬಾರ್ದಿತ್ತಾ ಮಾವ? ನಾನೇನು ಬೈತಿದ್ನಾ? ನಿಮಗೆಷ್ಟು ಸಂಕಟ ಆಗಿರ್ಬೇಕು" ಅಂದ. ನನ್ನನ್ನು ಕ್ಷಮಿಸಿಬಿಟ್ಟಿದ್ದ. ಲ್ಯಾಪ್‌ಟಾಪ್ ಬಟ್ಟೆ ಸುತ್ತಿಕೊಂಡು ಅಟ್ಟ ಸೇರಿತು. ಇನ್ನೊಂದು ಲಾಕ್ ಕೊಳ್ಳಲು ದುಡ್ಡಿರಲಿಲ್ಲ, ಮತ್ತೆ ಪೆನ್ಸಿಲು ಹಿಡಿಯಲು ಅವನಿಗೆ ಮನಸ್ಸಾಗಲಿಲ್ಲ. ಅವನು ಲಕ್ಷ್ಮಯ್ಯನ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ, ದಿನಕ್ಕೆ ಹನ್ನೆರಡು ಗಂಟೆ. ಪವರ್‌ಲೂಮಿನ ಸದ್ದಿಗೆ ಕಿವಿ ಮಂದವಾಗಿ ಈಗ ಎರಡು ಸಲ ಕೂಗಬೇಕು.

ಮಗಳ ಸೇವೆ ನಡೆದೇ ಇದೆ. ಬೀದಿಯಲ್ಲಿ ನನ್ನ ತೋಳು ಹಿಡಿದು, "ಇಲ್ಲಿ ಕಲ್ಲು, ಕಾಲೆತ್ತಿ ಇಡಪ್ಪ" ಅನ್ನುತ್ತಾ ನಡೆಸುತ್ತಾಳೆ. ಜನ ದಾರಿ ಬಿಡುತ್ತಾರೆ. "ಮಗಳು ಅಂದ್ರೆ ಹಿಂಗಿರ್ಬೇಕು ಕಣ್ರೀ" ಅನ್ನುತ್ತಾರೆ. ಯಾರೂ ಕಾಗದ ತರುವುದಿಲ್ಲ. ಪೇಪರು ನಿಲ್ಲಿಸಿದ್ದಾಳೆ. ಪೆನ್ಸಿಲು, ಬಣ್ಣ, ಸ್ಕೇಲು ಎಲ್ಲ ಪಕ್ಕದ ಮನೆಯ ಮಕ್ಕಳಿಗೆ ಹೋಯಿತು. ಒಮ್ಮೆ ಕಣ್ಣಿನ ಕ್ಯಾಂಪ್ ಬಂದಾಗ ಯೋಗಾನಂದ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದ. ಶಶಿ ನನ್ನನ್ನೇ ನೋಡುತ್ತಾ ಕೇಳಿದಳು: "ಹೋಗೋಣ್ವಾ ಅಪ್ಪ? ಡಾಕ್ಟ್ರು ಲೈಟ್ ಬಿಟ್ಟು ನೋಡ್ತಾರಂತೆ. ಏನಾಗಿದೆ ಅಂತ ಎಲ್ಲಾರ ಎದುರಿಗೇ ಹೇಳ್ತಾರಂತೆ." ಬೇಡ ಅಂದೆ. ಮಾಡಿದ್ದುಣ್ಣೋ ಮಹಾರಾಯ. ಉಣ್ಣುತ್ತಿದ್ದೇನೆ, ತಡಕಾಡಿಕೊಂಡು.

ಹೋದ ಭಾನುವಾರದ ಮಾತು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಯೋಗಾನಂದ ರಾತ್ರಿ ಪಾಳಿ ಮುಗಿಸಿ ಬರುವುದರೊಳಗೆ ನೀರು ಕಾಯಬೇಕಿತ್ತು. ಶಶಿ ನನ್ನನ್ನು ಬಚ್ಚಲ ಒಲೆಯ ಮುಂದೆ ಮಣೆ ಹಾಕಿ ಕೂರಿಸಿದಳು. ನನ್ನ ಹಳೆಯ ಟ್ರಂಕನ್ನು ಎಳೆದು ತಂದು ಪಕ್ಕದಲ್ಲಿಟ್ಟು ಮುಚ್ಚಳ ತೆರೆದಳು.

"ಸೌದೆ ಹಸಿ ಇದೆ ಅಪ್ಪ, ಹೊತ್ಕೊಳ್ತಿಲ್ಲ. ಇದರಲ್ಲಿ ಏನೋ ಹಳೇ ಕಾಗದ ಇದೆ. ಒಂದೊಂದೇ ಹಾಕ್ತಾ ಇರು. ಕೈ ಸುಟ್ಕೋಬೇಡ."

ನಲವತ್ತು ವರ್ಷದ ಗ್ರಾಫ್ ಹಾಳೆಗಳು. ಹೆಂಡತಿ ಬದುಕಿದ್ದಾಗ ಬರೆದ ಮಾವಿನಕಾಯಿ ಸೆರಗು. ಲಕ್ಷ್ಮಯ್ಯನ ಮೊದಲ ಹಂಸದ ಅಂಚು. ರುದ್ರಾಕ್ಷಿ, ಗಂಡಭೇರುಂಡ, ಜೋಡಿ ನವಿಲು. ಒಂದೊಂದನ್ನೂ ಕೈಗೆತ್ತಿಕೊಂಡೆ, ಒಂದೊಂದೂ ಕಂಡಿತು. ಒಲೆಗೆ ಹಾಕಿದೆ. ಶಶಿ ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದಳು. ತಳದಲ್ಲಿ ಮಲ್ಲಿಗೆ ಮೊಗ್ಗಿನ ಬುಟ್ಟಾದ ಹಾಳೆ ಸಿಕ್ಕಿತು. ಅವಳ ಧಾರೆ ಸೀರೆಗೆಂದು ಬರೆದದ್ದು, ಇನ್ನಾರಿಗೂ ಕೊಟ್ಟಿರಲಿಲ್ಲ. ಮೂಲೆಯ ಮೂರು ಮನೆಗಳಿಗೆ ಬಣ್ಣ ತುಂಬಿದ್ದವಳು ಅವಳೇ, ಮದುವೆಯ ಹಿಂದಿನ ವಾರ. ನನ್ನ ಕೈ ನಿಂತಿತು.

"ಯಾಕಪ್ಪ ನಿಲ್ಲಿಸ್ದೆ?" ಅಂದಳು. "ಏನಾದ್ರೂ ಕಾಣ್ತಾ?"

ಒಂದು ಮಾತು ಸಾಕಿತ್ತು. ಕಾಣುತ್ತದೆ ಕಣಮ್ಮ, ತಪ್ಪಾಯಿತು ಅಂದಿದ್ದರೆ ಆ ಹಾಳೆಯಾದರೂ ಉಳಿಯುತ್ತಿತ್ತೋ ಏನೋ. ಅವಳು ಕಾಯುತ್ತಿದ್ದಳು ಅಂತ ಈಗ ಅನ್ನಿಸುತ್ತದೆ. ಅಷ್ಟರಲ್ಲಿ ಹೊರಗೆ ಗೇಟು ಸದ್ದಾಯಿತು. ಯೋಗಾನಂದ ಬಂದಿದ್ದ.

"ಏನೂ ಇಲ್ಲ," ಅಂದು ಹಾಳೆಯನ್ನು ಉರಿಯೊಳಕ್ಕೆ ತಳ್ಳಿದೆ. ಅವಳು ಅದು ಪೂರ್ತಿ ಉರಿಯುವವರೆಗೂ ನೋಡಿದಳು. ಆಮೇಲೆ ಹಂಡೆಗೆ ಬೆರಳು ಅದ್ದಿದಳು.

"ಇನ್ನೂ ಬೆಚ್ಚಗಾಗಿಲ್ಲ. ಇರು, ಇನ್ನೊಂದು ಟ್ರಂಕ್ ತರ್ತೀನಿ."